ಮ್ಯೂನಿಕ್‌ನಿಂದ ವೆನಿಸ್‌ಗೆ, ದಾರಿಯಲ್ಲಿ ಎರಡು ಕಡೆ ಇಳಿದು

ಮ್ಯೂನಿಕ್‌ನಿಂದ ವೆನಿಸ್‌ಗೆ ನೇರ ರೈಲಿದೆ. ಆರೂವರೆ–ಏಳು ಗಂಟೆ ಹಿಡಿಯುತ್ತದೆ. ಆದರೆ ಅಪ್ಪನಿಗೆ ಅಷ್ಟು ಹೊತ್ತು ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ, ನಡೆದಾಡಿದರೆ ಸಡಿಲವಾಗುತ್ತದೆ. ಹಾಗಾಗಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ಮತ್ತು ಇಟಲಿಯ ವೆರೋನಾದಲ್ಲಿ ಇಳಿದು ಹೋಗೋಣ ಅಂತ ನಿರ್ಧರಿಸಿದೆ.

ನಮ್ಮ ಹತ್ತಿರ ಯುರೇಲ್ ಪಾಸ್ ಇತ್ತು, ಯುರೋಪಿನ ಹಲವು ದೇಶಗಳ ರೈಲುಗಳಲ್ಲಿ ನಡೆಯುವ ಪಾಸ್ ಅದು. ಅದರಲ್ಲಿ ಒಂದು ದಿನ ಅಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ಅಷ್ಟರಲ್ಲಿ ಎಷ್ಟು ರೈಲು ಹತ್ತಿ ಇಳಿದರೂ ಒಂದೇ ದಿನದ ಲೆಕ್ಕ. ಆಸ್ಟ್ರಿಯಾ–ಇಟಲಿ ಗಡಿಯ ಬ್ರೆನ್ನರ್ ಕಣಿವೆ ದಾಟುವ ಯುರೋಸಿಟಿ ರೈಲುಗಳು, ಅಂದರೆ ದೇಶದಿಂದ ದೇಶಕ್ಕೆ ಓಡುವ ರೈಲುಗಳು, ಹೆಚ್ಚುಕಡಿಮೆ 2 ಗಂಟೆಗೊಂದು. ಅಂದಮೇಲೆ ಇಳಿದ ಊರಲ್ಲಿ ಎಷ್ಟು ಹೊತ್ತು ಇರಬೇಕು ಅನ್ನುವುದನ್ನು ಮುಂದಿನ ರೈಲೇ ಹೇಳುತ್ತದೆ.

ಊರು ಆರಿಸುವಾಗ ನಾನು ನೋಡುವುದು ಎರಡೇ. ಸ್ಟೇಷನ್‌ನಲ್ಲಿ ಸಾಮಾನು ಇಡಲು ಜಾಗ ಇರಬೇಕು, ಹಳೇ ಪೇಟೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಹಿಂದೊಮ್ಮೆ ಒಂದೇ ದಿನ ನಾಲ್ಕು ಕಡೆ ಇಳಿಯಲು ಹೋಗಿ ಕಷ್ಟಪಟ್ಟಿದ್ದೆ. ಒಂದು ಸಣ್ಣ ಸ್ಟೇಷನ್‌ನಲ್ಲಿ ಲಾಕರ್ ಎಲ್ಲ ಭರ್ತಿ. ಕಲ್ಲು ಹಾಸಿದ ಬೀದಿಯಲ್ಲಿ ಸೂಟ್‌ಕೇಸ್ ಎಳೆದು ಎಳೆದು ಅದರ ಚಕ್ರವೇ ಕಿತ್ತುಬಂತು. ಈಗ ಎರಡಕ್ಕಿಂತ ಜಾಸ್ತಿ ಇಳಿಯುವುದಿಲ್ಲ.

ಇನ್ಸ್‌ಬ್ರುಕ್‌ನಲ್ಲಿ ಪೆಟ್ಟಿಗೆಗಳನ್ನು ಲಾಕರ್‌ಗೆ ಹಾಕಿ ಬರಿಗೈಯಲ್ಲಿ ಹೊರಟೆವು. ಮಾರಿಯಾ ತೆರೇಸಿಯಾ ಬೀದಿಗೆ ಬಂದರೆ ಮನೆಗಳ ಸಾಲಿನ ತುದಿಗೇ ಬೆಟ್ಟ ಎದ್ದು ನಿಂತಿದೆ. ಅಮ್ಮ ಅಲ್ಲೇ ನಿಂತುಬಿಟ್ಟರು. ಹಳೇ ಪೇಟೆಯಲ್ಲಿ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್‌ಗಾಗಿ 1500ರ ಸುಮಾರಿಗೆ ಒಂದು ಬಾಲ್ಕನಿಯ ಮೇಲೆ ಕಟ್ಟಿದ ‘ಚಿನ್ನದ ಮಾಡು’ (ಗೋಲ್ಡನ್ ರೂಫ್) ಇದೆ. ಚಿನ್ನದ ನೀರು ಕುಡಿಸಿದ 2,657 ತಾಮ್ರದ ಹೆಂಚುಗಳು. ಮೇಲೆ ಬೆಟ್ಟಕ್ಕೆ ಹೋಗುವ ರೈಲೂ ಹತ್ತಿರದಲ್ಲೇ ಇತ್ತು, ನನಗೆ ತುಂಬಾ ಆಸೆಯಾಯಿತು. ಆದರೆ 2 ಗಂಟೆಯಲ್ಲಿ ಅದಾಗುವುದಿಲ್ಲ ಅಂತ ಬಿಟ್ಟೆ. ಇನ್‌ ನದಿಯ ದಡದಲ್ಲಿ ಕೂತು ಚಪಾತಿ, ಚಟ್ನಿಪುಡಿ ತಿಂದೆವು.

ಮುಂದಿನದು ಮೂರೂವರೆ ಗಂಟೆಯ ಪಯಣ. 1,370 ಮೀಟರ್ ಎತ್ತರದ ಬ್ರೆನ್ನರ್ ದಾಟಿದ ಮೇಲೆ ಇಳಿಜಾರಿನಲ್ಲಿ ಸೇಬಿನ ತೋಟ, ದ್ರಾಕ್ಷಿ ಚಪ್ಪರ. ಅಪ್ಪ ಆಗಾಗ ಎದ್ದು ಬಾಗಿಲ ತನಕ ನಡೆದು ಬರುತ್ತಿದ್ದರು.

ವೆರೋನಾದಲ್ಲಿ ಸ್ಟೇಷನ್‌ನಿಂದ ಅರೀನಾಕ್ಕೆ 20 ನಿಮಿಷದ ನೇರ ದಾರಿ. ಒಂದನೇ ಶತಮಾನದ ರೋಮನ್ ಬಯಲುರಂಗ ಅದು, ರೋಮ್‌ನ ಕೊಲೊಸಿಯಂಗಿಂತ ಹಳೆಯದು. ಒಳಗೆ ಹೋಗಲಿಲ್ಲ. ಎದುರಿನ ಚೌಕದಲ್ಲಿ ಕಾಫಿ ಕುಡಿಯುತ್ತಾ ಸುಮ್ನೆ ಕೂತಿದ್ದೆವು.

ಕೊನೆಯ ಹಂತಕ್ಕೆ ಬೇಕೆಂದೇ ಪ್ರಾದೇಶಿಕ ರೈಲು ಹಿಡಿದೆ. ವೇಗದ ರೈಲಿಗೆ ಪಾಸ್ ಇದ್ದರೂ ಸೀಟು ಕಾದಿರಿಸಲು ಬೇರೆ ದುಡ್ಡು ಕೊಡಬೇಕು, ಇದಕ್ಕೆ ಬೇಡ. ಕಾಫಿ ಮುಗಿಸಲು ಅವಸರವೂ ಇರಲ್ಲ ಅಲ್ವಾ. ವೆನಿಸ್ ಹತ್ತಿರ ರೈಲು ಸಮುದ್ರದ ಮೇಲಿನ ಸೇತುವೆಗೆ ಬಂದಾಗ ಕತ್ತಲಾಗುತ್ತಿತ್ತು. ಎರಡೂ ಕಡೆ ನೀರು. ಅಮ್ಮ ಅಪ್ಪನನ್ನು ಎಬ್ಬಿಸಿ ಕಿಟಕಿ ಕಡೆ ಕೂರಿಸಿದರು.