128ಕ್ಕೆ ಬಂದಾಗ ಮಿಣುಕಿದ ಎಲ್‌ಇಡಿ

ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಮೇಲೆ ಒಂದು ಝಡ್80 ಪ್ರೊಸೆಸರ್ ಚಿಪ್, ಎಂಟು ಎಲ್‌ಇಡಿ, ಒಂದು ಹಿಡಿ ರೆಸಿಸ್ಟರ್. ಮೆಮೊರಿ ಇಲ್ಲ, ಕೀಬೋರ್ಡ್ ಇಲ್ಲ, ಪರದೆಯೂ ಇಲ್ಲ. ಇದನ್ನು ಕಂಪ್ಯೂಟರ್ ಅನ್ನಬಹುದಾ ಅಂತ ನನಗೇ ಅನುಮಾನ. ಆದರೂ ಪ್ರೊಸೆಸರ್ ಒಳಗೆ ಏನು ನಡೆಯುತ್ತದೆ ಅನ್ನುವುದು ನನಗೆ ಅರ್ಥವಾಗಿದ್ದು ಇದರಿಂದಲೇ.

ಝಡ್80 ಬಂದದ್ದು 1976ರಲ್ಲಿ. ಇಂಟೆಲ್‌ನಲ್ಲಿ 4004 ಚಿಪ್ ರೂಪಿಸಿದ ಫೆಡೆರಿಕೊ ಫ್ಯಾಜಿನ್ ಅಲ್ಲಿಂದ ಹೊರಬಂದು ಝೈಲಾಗ್ ಕಟ್ಟಿದರು, ಅಲ್ಲಿ ಹುಟ್ಟಿದ್ದು ಇದು. 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ ಇದೇ ಚಿಪ್ 3.5 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ನಾನು ಓಡಿಸಿದ್ದು 8 ಹರ್ಟ್ಸ್‌ನಲ್ಲಿ. ಸೆಕೆಂಡಿಗೆ ಎಂಟೇ ಬಡಿತ.

ಇಷ್ಟು ನಿಧಾನ ಎಲ್ಲ ಝಡ್80ಗೂ ಒಗ್ಗುವುದಿಲ್ಲ. ಹಳೆಯ ಎನ್‌ಮಾಸ್ ತಂತ್ರದ ಚಿಪ್‌ಗೆ ಕ್ಲಾಕ್, ಅಂದರೆ ಈ ಬಡಿತ, ಒಂದು ಮಿತಿಗಿಂತ ನಿಧಾನವಾದರೆ ಒಳಗೆ ಇಟ್ಟುಕೊಂಡದ್ದೆಲ್ಲ ಮರೆತುಹೋಗುತ್ತದೆ. ಝಡ್84ಸಿ00 ಅನ್ನುವ, ಸಿಮಾಸ್ ತಂತ್ರದ ಚಿಪ್ ಬೇಕು. ಅದರಲ್ಲಿ ಕ್ಲಾಕ್ ಪೂರ್ತಿ ನಿಲ್ಲಿಸಿದರೂ ಏನೂ ಕಳೆದುಹೋಗುವುದಿಲ್ಲ. ನನ್ನ ಮೊದಲ ಚಿಪ್ ಮೇಲೆ ಸಿಮಾಸ್ ಅಂತಲೇ ಬರೆದಿತ್ತು. ಓಡಿಸಿದರೆ ಎಲ್‌ಇಡಿಗಳು ಮನಸ್ಸಿಗೆ ಬಂದಂತೆ ಕುಣಿದವು. ಅಸಿಟೋನ್ ಹಚ್ಚಿ ಉಜ್ಜಿದೆ, ಅಕ್ಷರಗಳು ಹತ್ತಿಗೆ ಅಂಟಿಕೊಂಡು ಬಂದವು. ಹಳೆಯ ಚಿಪ್‌ನ ತಲೆ ಕೆರೆದು ಹೊಸ ಹೆಸರು ಬರೆದಿದ್ದರು!

ಜೋಡಣೆ ಸರಳ. ಎಂಟು ಡೇಟಾ ಪಿನ್‌ಗಳನ್ನೂ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಕೊಡಬೇಕು. ಆಗ ಪ್ರೊಸೆಸರ್ ಎಲ್ಲಿ ಓದಿದರೂ ಅದಕ್ಕೆ ಸಿಗುವುದು ಸೊನ್ನೆ. ಝಡ್80 ಭಾಷೆಯಲ್ಲಿ ಸೊನ್ನೆ ಅಂದರೆ ನಾಪ್, ಅಂದರೆ ಸುಮ್ನೆ ಮುಂದಕ್ಕೆ ಹೋಗು. ಹೀಗಾಗಿ ಅದು ಒಂದಾದ ಮೇಲೆ ಒಂದು ವಿಳಾಸ, ಅಂದರೆ ಮೆಮೊರಿಯ ಜಾಗದ ಸಂಖ್ಯೆ, ಎಣಿಸುತ್ತಾ ಹೋಗುತ್ತದೆ. ಎ0ಯಿಂದ ಎ7ವರೆಗಿನ ಎಂಟು ವಿಳಾಸ ಪಿನ್‌ಗಳಿಗೆ 2.2 ಕಿಲೋ ಓಮ್ ಹಾಕಿ ಎಲ್‌ಇಡಿ ಕೊಟ್ಟರೆ ಆ ಎಣಿಕೆ ಬೈನರಿಯಲ್ಲಿ, ಅಂದರೆ 0 ಮತ್ತು 1ರಲ್ಲಿ, ಕಣ್ಣಿಗೆ ಕಾಣುತ್ತದೆ. ಕ್ಲಾಕ್‌ಗೆ 555 ಅನ್ನುವ ಟೈಮರ್ ಚಿಪ್ ಸಾಕು, ಆದರೆ ಸಿಮಾಸ್ 555 ಆಗಿರಲಿ. ಮಾಮೂಲಿ 555ರ ಔಟ್‌ಪುಟ್ 5 ವೋಲ್ಟ್ ಮುಟ್ಟುವುದಿಲ್ಲ, ಝಡ್80ರ ಕ್ಲಾಕ್ ಪಿನ್‌ಗೆ ಹೆಚ್ಚುಕಡಿಮೆ ಪೂರ್ತಿ 5 ವೋಲ್ಟೇ ಬೇಕು.

ಎರಡನೇ ಚಿಪ್ ಎಣಿಸಿತು. ಆದರೆ ನಾನು ಕೈ ಹತ್ತಿರ ತಂದರೆ ಒಮ್ಮೆ ಎಣಿಕೆ ನಿಲ್ಲುತ್ತಿತ್ತು, ಒಮ್ಮೆ ಎಲ್ಲ ಎಲ್‌ಇಡಿಗಳೂ ಒಟ್ಟಿಗೆ ಆರುತ್ತಿದ್ದವು. ಕೈ ತೆಗೆದರೆ ಮತ್ತೆ ಶುರು. ತಪ್ಪು ನನ್ನದೇ. ಪ್ರೊಸೆಸರ್‌ಗೆ ಕಾಯಲು ಹೇಳುವ ವೇಟ್ ಮತ್ತು ತಂತಿಗಳನ್ನು ಬಿಟ್ಟುಕೊಡಲು ಹೇಳುವ ಬಸ್ ರಿಕ್ವೆಸ್ಟ್ ಪಿನ್‌ಗಳನ್ನು ಯಾವುದಕ್ಕೂ ಜೋಡಿಸದೆ ಖಾಲಿ ಬಿಟ್ಟಿದ್ದೆ. ಹಾಗೆ ಬಿಟ್ಟ ಸಿಮಾಸ್ ಪಿನ್ ಗಾಳಿಯಲ್ಲಿ ತೇಲುತ್ತದೆ, ಬೆರಳಿನ ವಿದ್ಯುತ್ತಿಗೂ ಬಗ್ಗುತ್ತದೆ. ನಡುವೆ ತಡೆದು ಬೇರೆ ಕೆಲಸಕ್ಕೆ ಕರೆಯುವ ಇಂಟರಪ್ಟ್ ಪಿನ್‌ಗಳೆರಡನ್ನೂ ಸೇರಿಸಿ ನಾಲ್ಕಕ್ಕೂ 10 ಕಿಲೋ ಓಮ್ ಹಾಕಿ 5 ವೋಲ್ಟ್‌ಗೆ ಎಳೆದ ಮೇಲೆ ತಣ್ಣಗಾಯಿತು.

ನಾನು ತುಂಬ ಹೊತ್ತು ತಲೆ ಕೆರೆದುಕೊಂಡದ್ದು ಮುಂದಿನದಕ್ಕೆ. ಒಂದು ನಾಪ್‌ಗೆ ನಾಲ್ಕು ಬಡಿತ ಬೇಕು, ಅಂದರೆ ಅರ್ಧ ಸೆಕೆಂಡಿಗೆ ಒಂದು ಎಣಿಕೆ. 1, 2, 3... ಅಚ್ಚುಕಟ್ಟಾಗಿ 127ರವರೆಗೆ ಬಂತು. ರೀಸೆಟ್ ಒತ್ತಿ ಬಿಟ್ಟು 64 ಸೆಕೆಂಡ್ ಆದಾಗ 128. ಎಂಟನೇ ಎಲ್‌ಇಡಿ ಹತ್ತಿ ಹಾಗೇ ಇರಬೇಕಿತ್ತು, ಅಲ್ವಾ? ಅದು ಮಿಣುಕತೊಡಗಿತು. ಎರಡು ಬಡಿತ ಹತ್ತುತ್ತದೆ, ಎರಡು ಬಡಿತ ಆರುತ್ತದೆ. ಉಳಿದ ಏಳು ತಮ್ಮ ಪಾಡಿಗೆ ಸರಿಯಾಗಿಯೇ ಎಣಿಸುತ್ತಿವೆ. ಎಲ್‌ಇಡಿ ಬದಲಿಸಿದೆ, ತಂತಿ ಬದಲಿಸಿದೆ, ಬ್ರೆಡ್‌ಬೋರ್ಡ್‌ನ ತೂತೂ ಬದಲಿಸಿದೆ. ಪ್ರತಿ ಸಲವೂ 128ಕ್ಕೇ ಶುರು.

ಕೊನೆಗೆ ಡೇಟಾಶೀಟ್‌ನ ಟೈಮಿಂಗ್ ಚಿತ್ರ ಬಿಡಿಸಿದೆ. ಉತ್ತರ ಅಲ್ಲೇ ಇತ್ತು. ಝಡ್80 ನಾಲ್ಕು ಬಡಿತಗಳಲ್ಲಿ ಮೊದಲ ಎರಡನ್ನು ಮಾತ್ರ ಆದೇಶ ಓದುವುದಕ್ಕೆ ಬಳಸುತ್ತದೆ. ಓದಿದ್ದನ್ನು ಒಳಗೆ ಅರ್ಥಮಾಡಿಕೊಳ್ಳುವ ಉಳಿದ ಎರಡರಲ್ಲಿ ವಿಳಾಸದ ತಂತಿಗಳಿಗೆ ಕೆಲಸವಿಲ್ಲ. ಆ ಬಿಡುವಿನಲ್ಲಿ ಅದು ರಿಫ್ರೆಶ್ ವಿಳಾಸವನ್ನು ಹೊರಗೆ ಕೊಡುತ್ತದೆ. ಡೈನಾಮಿಕ್ ರ‍್ಯಾಮ್ ಅಂದರೆ ಸೋರುವ ಪುಟ್ಟ ಕೊಡಗಳ ಸಾಲು, ಮತ್ತೆ ಮತ್ತೆ ತುಂಬುತ್ತಲೇ ಇರಬೇಕು. ಆ ಕಾಲದ 4116 ಚಿಪ್‌ನಲ್ಲಿ 128 ಸಾಲು, ಎಲ್ಲವನ್ನೂ 2 ಮಿಲಿಸೆಕೆಂಡ್ ಒಳಗೆ ಒಂದು ಸುತ್ತು ಮುಗಿಸಬೇಕು. ಅದಕ್ಕೇ ಈ ರಿಫ್ರೆಶ್ ವಿಳಾಸ ಇಟ್ಟುಕೊಳ್ಳುವ ರಿಜಿಸ್ಟರ್‌ನಲ್ಲಿ ಎಣಿಸುವುದು ಏಳೇ ಬಿಟ್. 127 ಆದ ಮೇಲೆ ಸೊನ್ನೆಗೆ ಬರುತ್ತದೆ.

ರೀಸೆಟ್ ಆದಾಗ ಎರಡು ಎಣಿಕೆಯೂ ಸೊನ್ನೆಯಿಂದ ಹೊರಟಿದ್ದವು. 127ರವರೆಗೆ ಎರಡೂ ಒಂದೇ ಅಂಕಿ, ಅದಕ್ಕೇ ನನಗೆ ಗೊತ್ತಾಗಿರಲಿಲ್ಲ. ಖಾತ್ರಿಗೆ 28ನೇ ಪಿನ್‌ಗೆ, ಅಂದರೆ ರಿಫ್ರೆಶ್ ಪಿನ್‌ಗೆ, ಅದು ಸೊನ್ನೆಗೆ ಇಳಿದಾಗ ಹತ್ತುವಂತೆ ಹಸಿರು ಎಲ್‌ಇಡಿ ಹಾಕಿದೆ. ಎಂಟನೆಯದು ಆರಿದಾಗಲೆಲ್ಲ ಹಸಿರು ಹತ್ತಿತು. ಅವತ್ತು ಎಷ್ಟು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆನೋ.

ಆಮೇಲೆ ರೆಸಿಸ್ಟರ್‌ನಲ್ಲೇ ಒಂದು ಪ್ರೋಗ್ರಾಮ್ ಬರೆಯೋಣ ಅನ್ನಿಸಿತು. ಹಾಲ್ಟ್, ಅಂದರೆ ನಿಲ್ಲು ಅನ್ನುವ ಆದೇಶ, ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 76, ಬೈನರಿಯಲ್ಲಿ 01110110. 1 ಇರುವ ಕಡೆಯ ಐದು ರೆಸಿಸ್ಟರ್ ಕಿತ್ತು 5 ವೋಲ್ಟ್‌ಗೆ ಹಾಕಿದರೆ ಆಯಿತು. ಹಾಕಿದೆ, ರೀಸೆಟ್ ಒತ್ತಿದೆ, ನಿಲ್ಲಲೇ ಇಲ್ಲ. ಮೊದಲಿನಂತೆಯೇ ಎಣಿಸುತ್ತಾ ಹೋಯಿತು. ಡೇಟಾ ಪಿನ್‌ಗಳು ಸಾಲಾಗಿ ಇರುತ್ತವೆ ಅಂದುಕೊಂಡಿದ್ದು ತಪ್ಪಾಯಿತು. ಝಡ್80ಯಲ್ಲಿ 7ನೇ ಪಿನ್‌ನಿಂದ ಅವು ಡಿ4, ಡಿ3, ಡಿ5, ಡಿ6, ನಡುವೆ 5 ವೋಲ್ಟ್, ಮತ್ತೆ ಡಿ2, ಡಿ7, ಡಿ0, ಡಿ1. ಕಾಗದದ ಮೇಲೆ ಲೆಕ್ಕ ಹಾಕಿದರೆ ನಾನು ಬರೆದಿದ್ದ ಆದೇಶ ಹೆಕ್ಸ್‌ನಲ್ಲಿ ಎಡಿ, ಅಂದರೆ ಎಕ್ಸಾರ್ ಎಲ್ ಅನ್ನುವ, ಚಿಪ್ ಒಳಗೇ ಮುಗಿಯುವ ಒಂದು ಲೆಕ್ಕ. ಅದಕ್ಕೂ ನಾಲ್ಕೇ ಬಡಿತ. ಹೊರಗಿನಿಂದ ನೋಡಿದರೆ ನಾಪ್‌ಗೂ ಅದಕ್ಕೂ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಪಿನ್ ನೋಡಿ ನೋಡಿ ಸರಿಮಾಡಿ ಮತ್ತೆ ರೀಸೆಟ್ ಒತ್ತಿದೆ. 18ನೇ ಪಿನ್‌ನ ಹಾಲ್ಟ್ ಎಲ್‌ಇಡಿ ಹತ್ತಿತು. ಪ್ರೊಸೆಸರ್ ನಿಂತಿತ್ತು. ಆದರೂ ವಿಳಾಸದ ಎಲ್‌ಇಡಿಗಳು ಸುಮ್ಮನಾಗಲಿಲ್ಲ. ಎರಡು ಬಡಿತ ಮೊದಲನೆಯದು ಮಾತ್ರ ಹತ್ತುತ್ತಿತ್ತು, ಅಂದರೆ ಅದು ವಿಳಾಸ 1ರಲ್ಲೇ ಕಾಯುತ್ತಿದೆ. ಮುಂದಿನ ಎರಡು ಬಡಿತ ಹಸಿರು ಹತ್ತಿ, ಅದರ ಜೊತೆಗೆ ಬೇರೆ ಅಂಕಿ: 5, 6, 7... ಇಲ್ಲದ ಮೆಮೊರಿಯನ್ನು ಅದು ತುಂಬುತ್ತಲೇ ಇತ್ತು.