ಕಾಡುಪಾಪ ನೋಡಲು ಟಾರ್ಚ್ ಮತ್ತು ಕೆಂಪು ಫಿಲ್ಟರ್: ಆಯ್ಕೆ ಹೇಗೆ?

ತುಮಕೂರು ತಾಲ್ಲೂಕಿನ ನಾಗವಲ್ಲಿ ಸುತ್ತಮುತ್ತಲಿನ ತೋಪುಗಳಲ್ಲಿ, ಹೊಲದ ಬೇಲಿಸಾಲುಗಳಲ್ಲಿ ಕಾಡುಪಾಪಗಳು ಇನ್ನೂ ಉಳಿದುಕೊಂಡಿವೆ. ಬಾಲವಿಲ್ಲದ, ಕಡ್ಡಿಯಂಥ ಕೈಕಾಲುಗಳ, ಸುಮಾರು ಕಾಲು ಕಿಲೋ ತೂಗುವ ಈ ಪ್ರಾಣಿ ಹಗಲೆಲ್ಲ ಕೊಂಬೆಗಳ ಸಂದಿಯಲ್ಲಿ ಮುದುಡಿ ಮಲಗಿ, ಕತ್ತಲಾದ ಮೇಲೆ ಹುಳುಹುಪ್ಪಟೆ ಹುಡುಕುತ್ತಾ ಕೊಂಬೆಯಿಂದ ಕೊಂಬೆಗೆ ಸಾಗುತ್ತದೆ. ಇದನ್ನು ನೋಡಲು ಹೊರಡುವ ಅನೇಕರು ಅಂಗಡಿಯಲ್ಲಿರುವ ಅತಿ ಪ್ರಖರವಾದ ಟಾರ್ಚನ್ನೇ ಕೊಂಡು ತರುತ್ತಾರೆ. ಆದರೆ ಇಲ್ಲಿ ಟಾರ್ಚನ್ನು ಆರಿಸಬೇಕಾದದ್ದು ನಮ್ಮ ಕಣ್ಣಿನ ಅನುಕೂಲಕ್ಕೆ ಮಾತ್ರವಲ್ಲ, ಎದುರಿಗಿರುವ ಪ್ರಾಣಿಯ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಂಡು.

ಆ ಕಣ್ಣಿನ ರಚನೆಯನ್ನು ಮೊದಲು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಕಾಡುಪಾಪದ ಅಕ್ಷಿಪಟಲದ (ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪೊರೆಯ) ಹಿಂದೆ ಕನ್ನಡಿಯಂತೆ ಹೊಳೆಯುವ ಒಂದು ಪದರವಿದ್ದು, ಒಳಹೊಕ್ಕ ಬೆಳಕನ್ನು ಅದು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತದೆ; ಕತ್ತಲೆಯಲ್ಲಿ ನಮಗೆ ಕಾಣುವ ಆ ಕಿತ್ತಳೆಗೆಂಪು ಹೊಳಪು ಇದರಿಂದಲೇ. ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು ಈ ಕಣ್ಣಿನಲ್ಲಿ ತುಂಬಿಕೊಂಡಿವೆ. ಈ ಕೋಶಗಳು ಸುಮಾರು 500 ನ್ಯಾನೊಮೀಟರ್ ತರಂಗಾಂತರದ ನೀಲಿ-ಹಸಿರು ಬೆಳಕಿಗೆ ಅತಿ ಚುರುಕಾಗಿಯೂ, 620 ನ್ಯಾನೊಮೀಟರ್ ದಾಟಿದ ಕೆಂಪು ಬೆಳಕಿಗೆ ಬಹಳ ಮಂದವಾಗಿಯೂ ಸ್ಪಂದಿಸುತ್ತವೆ. ಆದ್ದರಿಂದ ನಮಗೆ ಸ್ಪಷ್ಟವಾಗಿ ಕಾಣುವ ಕೆಂಪು ಬೆಳಕು ಅದಕ್ಕೆ ಬಹುಮಟ್ಟಿಗೆ ಕತ್ತಲೆಯಾಗಿಯೇ ಉಳಿಯುತ್ತದೆ. ಹಸಿರು ಫಿಲ್ಟರ್ ಹಾಕಿದರೆ ನಮಗೆ ಚೆನ್ನಾಗಿ ಕಾಣುತ್ತದೆ ಎನ್ನುವುದು ನಿಜವೇ ಆದರೂ, ಆ ಬೆಳಕೇ ಪ್ರಾಣಿಯ ಕಣ್ಣಿಗೂ ಹೆಚ್ಚು ಚುಚ್ಚುವಂಥದ್ದು, ನೀಲಿಯೂ ಹಾಗೆಯೇ. ಈ ಕೆಲಸಕ್ಕೆ ಕೆಂಪನ್ನು ಬಿಟ್ಟು ಬೇರೆ ಬಣ್ಣವನ್ನು ನಾನು ಶಿಫಾರಸು ಮಾಡುವುದಿಲ್ಲ.

ಟಾರ್ಚ್ ಕೊಳ್ಳುವಾಗ ಲ್ಯೂಮೆನ್ (ಟಾರ್ಚ್ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಸಂಖ್ಯೆಗಿಂತ ಮೊದಲು ನೋಡಬೇಕಾದದ್ದು ಬೆಳಕನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದನ್ನು. ಹತ್ತು ಹದಿನೈದು ಮೀಟರ್ ದೂರದ ಕೊಂಬೆಯನ್ನು ಫಿಲ್ಟರಿನ ಮೂಲಕ ನೋಡಲು 200ರಿಂದ 300 ಲ್ಯೂಮೆನ್ನಿನ ಟಾರ್ಚ್ ಸಾಕಾಗುತ್ತದೆ. ದೂರ ಅರ್ಧಕ್ಕಿಳಿದರೆ ಪ್ರಾಣಿಯ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುವುದರಿಂದ, ಹತ್ತಿರ ಹೋದಂತೆ ಬೆಳಕನ್ನು ಇಳಿಸುವ ಸೌಲಭ್ಯ ಇರಲೇಬೇಕು. ಗುಂಡಿ ಒತ್ತಿದ ಕೂಡಲೇ ಮಿಣಮಿಣ ಮಿನುಗುವ ಮೋಡ್ ಎದುರಾಗುವ ಟಾರ್ಚುಗಳು ಬೇಡ. ಸಣ್ಣ ಬೆಳಕಿನಿಂದ ಆರಂಭವಾಗಿ ಮೇಲಕ್ಕೇರುವಂಥವು ಒಳ್ಳೆಯವು.

ಕೆಂಪು ಬೆಳಕನ್ನು ಪಡೆಯಲು ಎರಡು ದಾರಿಗಳಿವೆ. ಕೆಂಪು ಎಲ್‌ಇಡಿಯನ್ನೇ ಅಳವಡಿಸಿದ ಟಾರ್ಚ್ ಅಥವಾ ತಲೆಗೆ ಕಟ್ಟುವ ಹೆಡ್‌ಲೈಟ್ ಸಿಕ್ಕರೆ ಅದೇ ಉತ್ತಮ, ಏಕೆಂದರೆ ಅದರಿಂದ ಬೇರೆ ಬಣ್ಣ ಸೋರುವುದಿಲ್ಲ. ಬಿಳಿ ಟಾರ್ಚಿಗೆ ಫಿಲ್ಟರ್ ಹಾಕುವುದಾದರೆ ಒಂದು ಸಂಗತಿಯನ್ನು ಗಮನಿಸಬೇಕು. ಬಿಳಿ ಎಲ್‌ಇಡಿ ವಾಸ್ತವವಾಗಿ ನೀಲಿ ದೀಪ. ಅದರ ಮೇಲೆ ಹಳದಿ ಲೇಪನವಿರುವುದರಿಂದ ಬೆಳಕು ಬೆಳ್ಳಗೆ ಕಾಣುತ್ತದೆ. ನೀಲಿಛಾಯೆಯ ಬಿಳಿ ಬೆಳಕಿನಲ್ಲಿ ಕೆಂಪಿನ ಪಾಲು ತೀರಾ ಕಡಿಮೆಯಿರುವ ಕಾರಣ, ಫಿಲ್ಟರ್ ಹಾಕಿದೊಡನೆ ಬಹುಪಾಲು ಬೆಳಕು ಅಲ್ಲೇ ನಿಂತುಹೋಗುತ್ತದೆ. ಹಳದಿಛಾಯೆಯ ಬಿಳಿ ಬೆಳಕಿನ ಟಾರ್ಚನ್ನು ಆರಿಸಿದರೆ ಅಷ್ಟೇ ಲ್ಯೂಮೆನ್ನಿಗೆ ಹೆಚ್ಚು ಕೆಂಪು ದಕ್ಕುತ್ತದೆ.

ಫಿಲ್ಟರಿಗೆ ಗಟ್ಟಿ ಅಕ್ರಿಲಿಕ್ ಅಥವಾ ಗಾಜಿನ ಬಿಲ್ಲೆ ಬಾಳಿಕೆ ಬರುತ್ತದೆ. ಅದು ಸಿಗದಿದ್ದರೆ ಪುಸ್ತಕದ ಅಂಗಡಿಯ ಕೆಂಪು ಜಿಲೆಟಿನ್ ಕಾಗದವನ್ನು ಎರಡು ಮೂರು ಪದರ ಮಡಿಸಿ, ಟಾರ್ಚಿನ ಬಾಯಿಗೆ ಸುಕ್ಕಿಲ್ಲದಂತೆ ಎಳೆದು ರಬ್ಬರ್ ಬ್ಯಾಂಡ್ ಹಾಕಬಹುದು. ಹೆಚ್ಚು ಶಾಖ ಬರುವ ಟಾರ್ಚಿನಲ್ಲಿ ಮಾತ್ರ ಇದು ಸುರುಟಿಕೊಳ್ಳುತ್ತದೆ. ಯಾವುದೇ ಫಿಲ್ಟರ್ ಆಗಲಿ, ಬರಿಗಣ್ಣಿಗೆ ಕೆಂಪಾಗಿ ಕಂಡ ಮಾತ್ರಕ್ಕೆ ಅದನ್ನು ನಂಬಬಾರದು. ಕತ್ತಲೆ ಕೋಣೆಯಲ್ಲಿ ಹಳೆಯ ಸಿಡಿಯೊಂದರ ಹೊಳೆಯುವ ಮುಖದ ಮೇಲೆ ಮೊದಲು ಬರಿಯ ಟಾರ್ಚನ್ನು ಬಿಟ್ಟರೆ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಕಾಣುತ್ತವೆ. ಈಗ ಫಿಲ್ಟರ್ ಹಾಕಿ ಅದೇ ಕೋನದಲ್ಲಿ ಹಿಡಿಯಿರಿ. ಕೆಂಪು ಪಟ್ಟಿಯ ಪಕ್ಕದಲ್ಲಿ ಹಸಿರು ಅಥವಾ ನೀಲಿ ಗೆರೆ ಇಣುಕಿದರೆ ಫಿಲ್ಟರ್ ಸೋರುತ್ತಿದೆ ಎಂದರ್ಥ. ಇನ್ನೊಂದು ಪದರ ಸೇರಿಸಿ ಮತ್ತೆ ಪರೀಕ್ಷಿಸಬೇಕು. ಅಂಚಿನ ಸಂದಿಯಿಂದ ಬಿಳಿ ಬೆಳಕು ನುಸುಳುತ್ತಿದ್ದರೆ ಕಪ್ಪು ಟೇಪ್ ಸುತ್ತಿದರೆ ಸಾಕು.

ಇಷ್ಟು ಸಿದ್ಧವಾದ ಮೇಲೆ ಟಾರ್ಚನ್ನು ಹಿಡಿಯುವ ಬಗೆ ಮುಖ್ಯವಾಗುತ್ತದೆ. ಪ್ರಾಣಿಯ ಕಣ್ಣು ಬೆಳಕನ್ನು ಅದರ ಮೂಲದ ಕಡೆಗೇ ಮರಳಿಸುವುದರಿಂದ, ಸೊಂಟದ ಮಟ್ಟದಲ್ಲಿ ಟಾರ್ಚ್ ಹಿಡಿದು ನಡೆಯುವವರು ಕಾಡುಪಾಪದ ಕೆಳಗೇ ಹಾದುಹೋದರೂ ಅದನ್ನು ಕಾಣದೆ ಹೋಗಬಹುದು. ಟಾರ್ಚನ್ನು ಕೆನ್ನೆಯ ಪಕ್ಕದಲ್ಲಿ, ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ಹೆಡ್‌ಲೈಟಿನ ದೊಡ್ಡ ಉಪಯೋಗ ಇದೇ. ಹೊರಟ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಮೊಬೈಲ್ ಪರದೆಯನ್ನು ನೋಡದಿದ್ದರೆ ನಮ್ಮ ಕಣ್ಣು ಕತ್ತಲೆಗೆ ಒಗ್ಗಿಕೊಳ್ಳುತ್ತದೆ, ಆಗ ಮಂದ ಕೆಂಪು ಬೆಳಕೇ ಧಾರಾಳವೆನಿಸುತ್ತದೆ. ಮರದ ನೆತ್ತಿಯಿಂದ ಬುಡದವರೆಗೂ ಬೆಳಕನ್ನು ನಿಧಾನವಾಗಿ ಸರಿಸುತ್ತಾ ಬಂದು, ಜೋಡಿ ಹೊಳಪು ಕಂಡ ಕೂಡಲೇ ಬೆಳಕಿನ ನಡುಭಾಗವನ್ನು ಪಕ್ಕಕ್ಕೆ ಸರಿಸಿ, ಅಂಚಿನ ಮಂದ ಬೆಳಕಿನಲ್ಲಷ್ಟೇ ಪ್ರಾಣಿಯನ್ನು ನೋಡಬೇಕು. ಅದು ಅಲುಗಾಡದೆ ನಿಂತುಬಿಟ್ಟರೆ ಅಥವಾ ಮುಖ ತಿರುಗಿಸಿದರೆ ಬೆಳಕನ್ನು ನಂದಿಸಬೇಕು. ಕ್ಯಾಮೆರಾದ ಫ್ಲ್ಯಾಶ್ ಖಂಡಿತ ಬೇಡ.

ಕಾಲುದಾರಿಗೆಂದು ಬೇರೆಯದೇ ಒಂದು ಸಣ್ಣ ಬಿಳಿ ಟಾರ್ಚ್ ಇರಲಿ. ಕೆಂಪು ಬೆಳಕಿನಲ್ಲಿ ತರಗೆಲೆಯ ನಡುವಿನ ಕೊಳಕುಮಂಡಲ ಗುರುತು ಸಿಗುವುದಿಲ್ಲ. ಆ ಬಿಳಿ ಟಾರ್ಚನ್ನು ನೆಲಕ್ಕಷ್ಟೇ ಬಿಡಬೇಕು, ಮೇಲಕ್ಕೆತ್ತಬಾರದು. ಚಿರತೆ ಓಡಾಡುವ ಜಿಲ್ಲೆ ಇದಾಗಿರುವುದರಿಂದ ಒಬ್ಬರೇ ಹೋಗುವುದು ತರವಲ್ಲ.

ಹೊರಡುವ ಮುನ್ನ ಹೊಲದ ಯಜಮಾನರಿಗೂ ಊರಿನವರಿಗೂ ವಿಷಯ ತಿಳಿಸಬೇಕು. ದೇವರಾಯನದುರ್ಗದಂಥ ಅರಣ್ಯದಲ್ಲಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಕಾಲಿಡುವಂತಿಲ್ಲ. ಕಾಡುಪಾಪವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದ್ದು, ಆ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದೂ ಬೇಟೆಯೇ ಆಗುತ್ತದೆ. ಮಾಟ ಮಂತ್ರದ ಮೂಢನಂಬಿಕೆಗಾಗಿ ಈ ಪ್ರಾಣಿಯನ್ನು ಹಿಡಿದು ಮಾರುವವರು ಇರುವುದರಿಂದ, ಚಿತ್ರ ತೆಗೆಯುವ ಮೊದಲೇ ಫೋನಿನ ಲೊಕೇಶನ್ ಆಫ್ ಮಾಡಬೇಕು; ಚಿತ್ರವನ್ನು ಹಂಚಿಕೊಳ್ಳುವಾಗ ಯಾವ ತೋಪು, ಯಾವ ಮರ ಎಂಬುದನ್ನು ಎಲ್ಲಿಯೂ ಬರೆಯಬಾರದು.