ವಿದೇಶಿ ಗಣ್ಯರ ಚಿತ್ರ ತೆಗೆಯಲು ಹಾಸನದಲ್ಲೇ ಸಿದ್ಧತೆ

2023ರಲ್ಲಿ ಜಿ-20 ಹಣಕಾಸು ಸಚಿವರ ಸಭೆ ಬೆಂಗಳೂರಿನಲ್ಲಿಯೂ ಶೆರ್ಪಾಗಳ (ನಾಯಕರ ಪರವಾಗಿ ಮಾತುಕತೆ ನಡೆಸುವ ಪ್ರತಿನಿಧಿಗಳ) ಸಭೆ ಹಂಪಿಯಲ್ಲಿಯೂ ನಡೆದವು. ಅದೇ ವರ್ಷ ನಮ್ಮ ಹಾಸನ ಜಿಲ್ಲೆಯ ಬೇಲೂರು, ಹಳೇಬೀಡುಗಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂತಹ ಸಭೆಗಳಿಗೆ ಬರುವ ವಿದೇಶಿ ಅತಿಥಿಗಳು ನಮ್ಮ ಜಿಲ್ಲೆಗೆ ಬಂದಾಗ ಕ್ಯಾಮೆರಾ ಹಿಡಿಯಬೇಕಾದವರು ಹಾಸನದ ಛಾಯಾಗ್ರಾಹಕರೇ ಆಗಬಹುದಾದ್ದರಿಂದ, ಈ ಕೆಲಸದ ಕ್ರಮವನ್ನು ಮೊದಲೇ ಅರಿತಿರುವುದು ಒಳಿತು.

ಪಾಸಿಗೆ ಬೇಕಾದ ಗುರುತಿನ ದಾಖಲೆಗಳನ್ನು ಮುಂಚಿತವಾಗಿ ಸಲ್ಲಿಸಿ, ತಪಾಸಣೆಗೆಂದು ಸಾಕಷ್ಟು ಮೊದಲೇ ತಲುಪಬೇಕು. ಹತ್ತಿರದ ದೃಶ್ಯಕ್ಕೆ 24-70, ದೂರದ್ದಕ್ಕೆ 70-200 ಮಿ.ಮೀ. ಲೆನ್ಸ್ ಹಾಕಿದ ಎರಡು ಕ್ಯಾಮೆರಾಗಳಿದ್ದರೆ ಸಾಕು. ಒಳಗೆ ಲೆನ್ಸ್ ಬದಲಿಸುತ್ತಾ ಕೂರಲು ಯಾರೂ ಸಮಯ ಕೊಡುವುದಿಲ್ಲ.

ಹೆಚ್ಚಿನವರು ಎಡವುವುದು ಬೆಳಕಿನ ವಿಷಯದಲ್ಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಸಭಾಂಗಣದ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು, ಪರದೆ ಚಲಿಸದೆ ಸದ್ದಿಲ್ಲದೆ ಚಿತ್ರ ತೆಗೆಯುವ ಎಲೆಕ್ಟ್ರಾನಿಕ್ ಶಟರಿನಲ್ಲಿ ಅಡ್ಡಪಟ್ಟಿಗಳಾಗಿ ಮೂಡಿ ಗಣ್ಯರ ಮುಖದ ಮೇಲೇ ಬೀಳುತ್ತದೆ. ಸೆಕೆಂಡಿನ 1/100 ವೇಗದಲ್ಲಿ ಪಟ್ಟಿಗಳು ಬಹುಮಟ್ಟಿಗೆ ಮಾಯವಾದರೂ ಅಲುಗುವ ಕೈ ಮಸುಕಾಗುವ ಅಪಾಯವಿದೆ. ಆದ್ದರಿಂದ ಮೆಕ್ಯಾನಿಕಲ್ ಶಟರಿನಲ್ಲಿ ಮಿನುಗು ತಡೆಯುವ ಸೌಲಭ್ಯವನ್ನು ಚಾಲೂ ಮಾಡಿ, 1/200 ಇಟ್ಟು, ಕತ್ತಲೆಯನ್ನು ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) ಏರಿಸಿ ಸರಿದೂಗಿಸುವುದನ್ನೇ ನಾನು ಮೆಚ್ಚುತ್ತೇನೆ. ಅದರಿಂದ ಸ್ವಲ್ಪ ಕಾಳು ಕಾಳಾದ ಚಿತ್ರವನ್ನು ಪತ್ರಿಕೆ ಅಚ್ಚುಹಾಕುತ್ತದೆ, ಪಟ್ಟಿ ಬಿದ್ದುದನ್ನು ಹಾಕುವುದಿಲ್ಲ.

ಇಬ್ಬರು ನಾಯಕರು ಬಲಗೈ ಕುಲುಕುವಾಗ, ಚಿತ್ರದಲ್ಲಿ ಎಡಕ್ಕೆ ನಿಂತವರ ತೋಳು ಅವರ ಎದೆಯ ಮುಂದೆ ಹಾದುಹೋಗಿ, ಅವರ ಕೈ ಇನ್ನೊಬ್ಬರ ಕೈಯನ್ನು ಬಹುಮಟ್ಟಿಗೆ ಮರೆಮಾಡುತ್ತದೆ. ಪರಸ್ಪರ ನೋಡುವ ಗಳಿಗೆಯನ್ನು ಮೊದಲು ಹಿಡಿಯಿರಿ. ಕ್ಯಾಮೆರಾದ ಕಡೆ ತಿರುಗಿದ ನಗು ಎಲ್ಲರ ಬಳಿಯೂ ಇರುತ್ತದೆ. ಹಿನ್ನೆಲೆಯೂ ಸಂದೇಶವೇ ಆಗಿರುತ್ತದೆ: 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಭಾರತ ಮಂಟಪದಲ್ಲಿ ಪ್ರಧಾನಿ ಮೋದಿಯವರು ಜಿ-20 ಶೃಂಗಸಭೆಯ ಅತಿಥಿಗಳನ್ನು ಕೋನಾರ್ಕ್ ಚಕ್ರದ ಪ್ರತಿಕೃತಿಯ ಮುಂದೆ ಬರಮಾಡಿಕೊಂಡರು. ಅಂತಹ ಕಡೆ ಮುಖವನ್ನಷ್ಟೇ ಹತ್ತಿರಕ್ಕೆಳೆದು ಚಕ್ರವನ್ನು ಕತ್ತರಿಸಿದರೆ ಅರ್ಧ ಸುದ್ದಿ ಹೋದಂತೆ.

ಅಭ್ಯಾಸಕ್ಕೆ ಹಾಸನದ ಹಾಸನಾಂಬೆ ದೇವಾಲಯದ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ದಿನಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಸಚಿವರು, ಅಧಿಕಾರಿಗಳು, ಬ್ಯಾರಿಕೇಡು, ನೂಕುನುಗ್ಗಲು, ದೀಪಾಲಂಕಾರ ಎಲ್ಲವೂ ಒಟ್ಟಿಗೇ ಸಿಗುತ್ತವೆ. ಕದಲದೆ ಒಂದೇ ಜಾಗದಲ್ಲಿ ನಿಂತು ಚಿತ್ರ ತೆಗೆಯುವುದನ್ನು ಅಲ್ಲಿ ಕಲಿಯಿರಿ.

ಕೊನೆಯದಾಗಿ, ಎಡದಿಂದ ಬಲಕ್ಕೆ ಯಾರು ನಿಂತಿದ್ದರೆಂಬುದನ್ನೂ ಅವರ ಹೆಸರು, ಹುದ್ದೆಗಳನ್ನೂ ಸ್ಥಳದಲ್ಲೇ ಬರೆದುಕೊಳ್ಳಿ. ನಡುವೆ ನಿಂತ ದುಭಾಷಿಯನ್ನು ಸಚಿವರೆಂದು ಅಚ್ಚುಹಾಕಿಸಿದರೆ ಮರುದಿನ ತಿದ್ದುಪಡಿ ಕೊಡಬೇಕಾಗುತ್ತದೆ.